ಹಳದಿ ತಲೆಯ ನಾಲ್ಕು ಮೊಳೆಗಳು

ಉಡುಪಿ
೨೩-೧೧-೨೦೦೩, ಭಾನುವಾರ

ಪ್ರೀತಿಯ ಅವ್ವಾ,

ದೀಪಾವಳಿಗೆ ಬಂದು ಹೋದ ಮೇಲೆ ಒಂದು ಸಾಲೂ ಬರೆದಿಲ್ಲ. ಸಾರಿ. ಮೂರು ಸಲ ಕೂತೆ, ಮೂರೂ ಸಲ ಹರಿದೆ. ಇಂಟರ್ನಲ್ ಪರೀಕ್ಷೆ ಇತ್ತು ಎಂದು ನೆಪ ಹೇಳಬಹುದು, ಅದೂ ನಿಜವೇ. ತಂಗಿ ನಾಗಿ ಇದನ್ನು ನಿನಗೆ ಓದಿ ಹೇಳುವಾಗ ನೀನು ಒಲೆಯ ಮುಂದೆ ಕೂತು ಅರ್ಧ ಕೇಳುತ್ತೀ, ಅರ್ಧ ಅವಳನ್ನು ಬೈಯುತ್ತೀ ಎಂದು ಗೊತ್ತು. ಸುಣ್ಣಕ್ಕೆ ಒಡೆದ ನಿನ್ನ ಬೆರಳು ಮಾಯ್ದಿದೆಯೇ? ನಾನು ತಂದ ಟ್ಯೂಬನ್ನು ಉಳಿಸಿಡಬೇಡ, ಹಚ್ಚಿಕೋ.

ಹಾಸ್ಟೆಲಿನ ಊಟ ಪರವಾಗಿಲ್ಲ. ಇಂಗ್ಲಿಷ್ ಕ್ಲಾಸಿನಲ್ಲಿ ಈಗಲೂ ನರ್ವಸ್. ಎದ್ದು ನಿಂತರೆ ಅರ್ಧ ವಾಕ್ಯ ಇಂಗ್ಲಿಷಿನಲ್ಲಿ ಹೋಗಿ ಅಲ್ಲೇ ನಿಂತುಬಿಡುತ್ತದೆ. ಹಿಂದಿನ ಬೆಂಚಿನವರು, "ಬಸ್ ಬ್ರೇಕ್‌ಡೌನ್, ಎಲ್ಲ ಇಳೀರಿ ಮಾರಾಯ್ರೆ" ಎಂದು ನಗುತ್ತಾರೆ.

ಬಾಟನಿಯ ಸುಭಾಷಿಣಿ ಮೇಡಂ ಮುಂದೆ ಮಾತ್ರ ನನಗೆ ಹೆದರಿಕೆ ಇಲ್ಲ. ಇಪ್ಪತ್ತೈದು ವರ್ಷದಿಂದ ಅವರು ಗೋಡೆ, ಕಲ್ಲಿಗೆ ಹಸಿರಾಗಿ ಹಬ್ಬುವ ಹಾವಸೆಯನ್ನೇ ಹುಡುಕಿಕೊಂಡು ತಿರುಗಿದ್ದಾರೆ. ಬಾವಿಕಟ್ಟೆ, ಸೇತುವೆಯ ಅಡಿ, ಕೆಮ್ಮಣ್ಣಿನ ತೆಂಗಿನ ಬುಡ, ಎಲ್ಲಿ ಕಂಡರೂ ಅಲ್ಲೇ ಕೂತುಬಿಡುವುದು. ಒಣಗಿದ ಹಾವಸೆಯನ್ನು ಹಳೇ ಪೇಪರಿನ ಪೊಟ್ಟಣದಲ್ಲಿಟ್ಟು, ಮೇಲೆ ಊರು, ತಾರೀಖು, ಸಂಗ್ರಹಿಸಿದವರ ಹೆಸರು ಬರೆಯುತ್ತಾರೆ. ಪೊಟ್ಟಣ ಮಡಿಸುವ ಕೆಲಸ ಈಗ ನನ್ನದು. "ನಿನ್ನ ಮಡಿಕೆ ಚಂದ ಉಂಟು ಮಾರಾಯ. ನನ್ನದು ಕಡ್ಲೆ ಪೊಟ್ಟಣದ ಹಾಗೆ" ಎನ್ನುತ್ತಾರೆ. ಮೊದಲ ದಿನ ಹನ್ನೆರಡು ವರ್ಷ ಹಳೆಯದೊಂದನ್ನು ಬಿಚ್ಚಿ, ಕಂದು ನಾರಿನಂಥದ್ದರ ಮೇಲೆ ಒಂದು ಹನಿ ನೀರು ಬಿಟ್ಟರು. ನೋಡುತ್ತಿದ್ದಂತೆಯೇ ಸಣ್ಣ ಸಣ್ಣ ಎಲೆ ಬಿಚ್ಚಿಕೊಂಡವು. ನಿನಗೆ ಇದನ್ನು ಹೇಳಿದಾಗ ನೀನು ನಕ್ಕಿದ್ದೆ: "ನಾವು ಕೆರದು ಒಗಿಯೂದನ್ನ ನೀವು ಕಾಲೇಜಿನ್ಯಾಗ ಓದತೀರೇನೋ?"

ಅವರ ದೊಡ್ಡ ಕೆಲಸ ಒಂದು ಮುರಕಲ್ಲಿನ ಗೋಡೆಯ ಮೇಲೆ. ಅಲ್ಲಿ ಒಂದು ಮೊಳ ಅಗಲದ ಚೌಕ ಗುರುತು ಮಾಡಿ, ಪ್ರತಿ ನವೆಂಬರಿನಲ್ಲಿ ಪ್ಲಾಸ್ಟಿಕ್ ಹಾಳೆ ಒತ್ತಿ, ಹಾವಸೆ ಎಷ್ಟು ಹಬ್ಬಿದೆ ಎಂದು ಗೆರೆ ಎಳೆಯುತ್ತಾರೆ. ಹತ್ತೊಂಬತ್ತು ಹಾಳೆಗಳಾಗಿವೆ. ಇಪ್ಪತ್ತನೆಯದರೊಂದಿಗೆ ಪುಸ್ತಕ ಮುಗಿಸಿ ಮಾರ್ಚಿನಲ್ಲಿ ರಿಟೈರ್ ಆಗುವವರಿದ್ದರು. ಆ ಕೊನೆಯ ಗೆರೆಯನ್ನು ನಾನೇ ಎಳೆಯಬೇಕು ಎಂದಿದ್ದರು. ಎಂಟು ದಿನದ ಹಿಂದೆ, ಶನಿವಾರ, ಇಬ್ಬರೂ ಹೋದೆವು. ಗೋಡೆ ಮಳೆಗೆ ಕುಸಿದಿತ್ತು. ಆವತ್ತಿನಿಂದ ಮೇಡಂ ಕ್ಲಾಸ್ ಮುಗಿಸಿ ಆ ಹತ್ತೊಂಬತ್ತು ಹಾಳೆಗಳನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ. ನಾನೂ ಪೊಟ್ಟಣ ಮಡಿಸುತ್ತಿಲ್ಲ.

ಒಂದು ಕೆಲಸ ಇದೆ. ನಮ್ಮ ಶೆಡ್ಡಿನಲ್ಲಿ ನಾಗಿಯ ಕನ್ನಡಿ ತೂಗುಹಾಕಿರುವ ಗೂಟದ ಹತ್ತಿರ ಹಳದಿ ತಲೆಯ ಹಿತ್ತಾಳೆ ಮೊಳೆಗಳು ನಾಲ್ಕು ಇವೆಯಲ್ಲ, ಅವನ್ನು ಕಿತ್ತು ಉಚ್ಚಿಲದ ದೇಜಪ್ಪಣ್ಣನ ಅಂಗಡಿಯಲ್ಲಿ ಕೊಟ್ಟಿರಿ, ಉಡುಪಿಗೆ ಬರುವವರ ಕೈಲಿ ಕಳಿಸುತ್ತಾರೆ. ಹಾಸ್ಟೆಲಿನಲ್ಲಿ ಅಂಗಿ ತೂಗುಹಾಕಲು ಬೇಕು.

ಸುಣ್ಣ ಹೊಡೆಯಲು ಮೇಲೆ ಹತ್ತುವಾಗ ಸಾರುವೆಯ ಕಟ್ಟು ಗಟ್ಟಿ ಇದೆಯಾ ನೋಡಿ ಹತ್ತು, ಅವ್ವಾ. ಮಲಗುವ ಮುಂಚೆ ನನ್ನ ತಲೆಯ ಮೇಲೆ ಕೈ ಇಟ್ಟಂತೆ ಒಮ್ಮೆ ನೆನೆಸಿಕೋ. ಅಷ್ಟು ಸಾಕು.

ನಿನ್ನ ಮಗ
ಸಂಗಮೇಶ

ತಾ.ಕ.: ನಾಗಿ, ಇಲ್ಲಿಂದ ಮುಂದೆ ಅವ್ವನಿಗೆ ಓದಬೇಡ.

ಗೋಡೆ ಕುಸಿದಿಲ್ಲ. ಅದು ದೀಪಾವಳಿಗೆ ಮುಂಚೆ ಅವ್ವ ಸುಣ್ಣದ ಕೆಲಸಕ್ಕೆ ಹೋಗಿದ್ದ ಕಾರ್ಕಳದ ಆ ಹಳೇ ಬಂಗಲೆಯ ಗೋಡೆ. ಬೆಳ್ಳಗೆ ಸುಣ್ಣ ಹೊಡೆಸಿಕೊಂಡು ನಿಂತಿದೆ. ಚೌಕದ ನಾಲ್ಕು ಮೂಲೆಗೆ ಮೇಡಂ ಹೊಡೆದಿದ್ದ ಮೊಳೆಗಳೇ ನಮ್ಮ ಶೆಡ್ಡಿನಲ್ಲಿರುವುದು. ದೀಪಾವಳಿಗೆ ಬಂದಾಗ, "ಹಿತ್ತಾಳಿವು ಅದಾವ, ನಿನಗಂತ ತಂದೀನಿ" ಎಂದು ಅವ್ವ ತೋರಿಸಿದ್ದಳಲ್ಲ? ನಾನು ಅವುಗಳಿಗೇ ಅಂಗಿ ತೂಗುಹಾಕಿದ್ದೆ. ಆ ಗೋಡೆಯನ್ನು ಅಲ್ಲಿಯವರೆಗೆ ಕಂಡಿರಲಿಲ್ಲ, ತಿಳಿಯಲಿಲ್ಲ.

ಆ ಶನಿವಾರ ಬಂಗಲೆ ಕಾಯುವ ರೊಸಾರಿಯೊ ಹೇಳಿದರು: "ಘಟ್ಟದ ಮೇಲಿನ ಒಬ್ಬಳು ಹೆಂಗಸು ಎರಡು ದಿನ ಕೂತು ಕೆರೆದಳು ಮೇಡಂ. ಭಾರೀ ಕ್ಲೀನ್ ಕೆಲಸ. ಅವಳ ಮಗ ಉಡುಪಿಯಲ್ಲಿ ಸೈನ್ಸ್ ಓದುವುದಂತೆ. ಅದನ್ನೇ ಹೇಳಿದ್ದು, ಹೇಳಿದ್ದು."

ಮೇಡಂ ತಿರುಗಿದರು. "ನಿಮ್ಮ ಕಡೆಯವರಾ ಸಂಗಮೇಶ? ಗುರ್ತ ಉಂಟಾ?"

"ಇಲ್ಲ ಮೇಡಂ. ಯಾರೋ" ಎಂದೆ.

ಮೊಳೆಗಳು ಬಂದ ದಿನ ಮೇಡಂ ಟೇಬಲ್ಲಿನ ಮೇಲಿಟ್ಟು ಹೇಳಿಬಿಡಬೇಕು ಎಂದುಕೊಂಡಿದ್ದೇನೆ. ಹೇಳುತ್ತೇನೋ ಇಲ್ಲವೋ, ಗೊತ್ತಿಲ್ಲ.

ಕೆರೆದದ್ದನ್ನು ಅವ್ವ ಚೆಲ್ಲಿರಲಿಲ್ಲ ನಾಗಿ. ಗುಡಿಸಿ, ಸಿಮೆಂಟ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಗೋಡೆಯ ಹಿಂದೆ ಇಟ್ಟಿದ್ದಳು. ಮೇಡಂ ಅದರಿಂದ ಒಂದು ಚಿಟಿಕೆ ತೆಗೆದು ನನ್ನ ಅಂಗೈಗೆ ಹಾಕಿದರು. "ಪೊಟ್ಟಣ ಮಾಡು. ಇಪ್ಪತ್ತನೇ ಹಾಳೆ ಅಂತೂ ಇಲ್ಲ, ಇದಾದರೂ ಇರಲಿ." ಮಡಿಸಿದೆ. ಊರು ಬರೆದೆ, ತಾರೀಖು ಬರೆದೆ. ಸಂಗ್ರಹಿಸಿದವರು ಎಂಬಲ್ಲಿ ಪೆನ್ನು ನಿಂತಿತು. ಮೇಡಂ ನೋಡುತ್ತಿದ್ದರು.

ನನ್ನ ಹೆಸರು ಬರೆದೆ.