ಹದಿನಾಲ್ಕನೆಯ ಸಾಲಿನ ಒತ್ವ

ಮಾರ್ಚ್ 4, ಬೆಳಿಗ್ಗೆ

ಪ್ರೂಫ್ ಪುಟ 96ರ ತನಕ ಮುಗಿಯಿತು. ರಾಣಿಯ ಮೇಲಿನ ನನ್ನ ಪುಸ್ತಕದ ಒಂಬತ್ತನೆಯ ಮುದ್ರಣ. ಇನ್ನೂ "ತಾಮ್ರಪಟ" ಇರಬೇಕಾದಲ್ಲಿ "ತಾಮ್ರಪಟ್ಟ" ಅಂತಲೇ ಇದೆ. ಪ್ರತಿ ಸಲ ತಿದ್ದುತ್ತೇನೆ, ಪ್ರತಿ ಸಲ ವಾಪಸ್ ಬರುತ್ತದೆ, ಹಟಮಾರಿ ನೆಂಟನ ಹಾಗೆ.

ಪ್ರಕಾಶಕರಿಗೆ ಹೊಸ ಮುನ್ನುಡಿ ಬೇಕಂತೆ. ರಾಣಿಯ ಮೇಲೆ ನಾಟಕ ಬಂದಿದೆ, ಪಠ್ಯದಲ್ಲಿ ಪಾಠ ಇದೆ, ಮಕ್ಕಳು ಓದುತ್ತಿದ್ದಾರೆ, "ಅದನ್ನೆಲ್ಲ ಸ್ವಲ್ಪ ಬರೀರಿ ಮೇಡಂ." ಬರೆಯುತ್ತೇನೆ ಅಂದಿದ್ದೇನೆ.

ಇವರು ಕ್ಲಿನಿಕ್ಕಿಗೆ ಹೋದರು. ರಿಟೈರ್ ಆಗಬೇಕಾದ ವಯಸ್ಸು, ಆದರೂ ದಿನಕ್ಕೆ ಎರಡು ಗಂಟೆ. ಹಳೇ ಪೇಷಂಟುಗಳ ಹಳೇ ಹಲ್ಲು. ಚಪ್ಪಲಿ ಹಾಕಿಕೊಳ್ಳುತ್ತಾ, "ನನ್ನ ಪೇಷಂಟುಗಳು ಬಾಯಿ ಬಿಟ್ಟರೆ ಸಾಕು, ವಿಷಯ ಗೊತ್ತಾಗುತ್ತೆ. ನಿನ್ನ ರಾಣಿ ಸತ್ತು ಎಂಟುನೂರು ವರ್ಷ ಆದ್ರೂ ಬಾಯೇ ಬಿಟ್ಟಿಲ್ಲ," ಅಂದರು. ಮದುವೆಯಾದಾಗಿನಿಂದ ಇದೇ ಜೋಕು.

ಮಾರ್ಚ್ 6, ಹನ್ನೊಂದು ಗಂಟೆ

ಮ್ಯೂಸಿಯಂನಿಂದ ಮೇಲ್. ಶಾಸನಗಳ ವಿಭಾಗದ ಅಧಿಕಾರಿ ಬರೆದಿದ್ದಾರೆ. ಮ್ಯೂಸಿಯಂನ ಹಳೆಯ ಗೋಡೆ ರಿಪೇರಿಗೆ ಬಂದು ಅದರಲ್ಲಿ ಕೂರಿಸಿದ್ದ ರಾಣಿಯ ಶಾಸನದ ಕಲ್ಲನ್ನು ಹೊರಗೆ ತೆಗೆದಿದ್ದಾರೆ. ನನ್ನ ಕಲ್ಲು. ಅಂಚಿನ ಗಾರೆ, ಅಕ್ಷರಗಳೊಳಗಿನ ಸುಣ್ಣ, ಎಲ್ಲಾ ಬಿಡಿಸಿದ್ದಾರೆ. ಫೋಟೋ ಕಳಿಸಿದ್ದಾರೆ. "ಹದಿನಾಲ್ಕನೇ ಸಾಲು ದಯವಿಟ್ಟು ನೋಡಿ ಮೇಡಂ" — ಅಷ್ಟೇ, ಮುಂದೆ ಏನೂ ಇಲ್ಲ.

ನೋಡಿದೆ.

ಮೂರು ಗಂಟೆ

ಇವರು ಊಟಕ್ಕೆ ಬಂದಾಗ ಹೇಳದೆ ಫೋಟೋ ಮುಂದಿಟ್ಟೆ. ಹದಿನಾಲ್ಕನೆಯ ಸಾಲಿನ ಒಂದು ಗೆರೆಯ ಮೇಲೆ ಬೆರಳಿಟ್ಟೆ. "ಇದು ಬಿರುಕಾ, ಕೊರೆದದ್ದಾ?"

ಕನ್ನಡಕ ಹಣೆಗೇರಿಸಿ ಬಗ್ಗಿದರು. ತುಂಬಾ ಹೊತ್ತು.

"ಕೊರೆದದ್ದು."

"ಖಾತ್ರಿನಾ?"

"ನಲವತ್ತು ವರ್ಷದಿಂದ ಇದೇ ಕೆಲಸ ಕಣೇ. ಬಿರುಕು ಅಂದ್ರೆ ಎತ್ತಲೋ ಹೊರಟು ಎತ್ತಲೋ ಹೋಗುತ್ತೆ. ಇದರ ಎರಡೂ ದಡ ಸಮ ಇದೆ, ತಳ ದುಂಡಗಿದೆ. ಯಾರೋ ಉಳಿ ಹಿಡಿದು ಮಾಡಿದ್ದು." ಆಮೇಲೆ ನನ್ನ ಮುಖ ನೋಡಿದರು. "ಯಾಕೆ? ಏನಾಯ್ತು?"

ಏನಾಯ್ತು ಅಂದರೆ, ಆ ಸಾಲಿನಲ್ಲಿ ಅರಸಿ ಅನ್ನುವ ಪದ ಸ್ಪಷ್ಟ, ತಮ್ಮ ಅನ್ನುವುದು ಸ್ಪಷ್ಟ. ಆಮೇಲೆ ಸುಣ್ಣ. ಕೊನೆಗೆ ಒಂದು ಕ್ರಿಯಾಪದ. ನನ್ನ ಮೇಷ್ಟ್ರು ಅದನ್ನು "ಕೊಟ್ಟಳ್" ಎಂದು ಓದಿದ್ದರು — ರಾಣಿ ತಾನಾಗಿ ತಮ್ಮನಿಗೆ ನಾಡು ಬಿಟ್ಟುಕೊಟ್ಟಳು. ನಾನು "ಕೆಟ್ಟಳ್" ಎಂದು ಓದಿದೆ — ತಮ್ಮನಿಂದ ಹಾಳಾದಳು. ಎರಡಕ್ಕೂ ಇರುವ ಅಂತರ ಅಕ್ಷರದ ಪಕ್ಕದ ಒಂದು ಬಳುಕು. ಮೇಷ್ಟ್ರು ಅದನ್ನು 'ಕೆ'ಯನ್ನು 'ಕೊ' ಮಾಡುವ ಒತ್ವ ಅಂದರು. ನಾನು ಕಲ್ಲಿನ ಬಿರುಕು ಅಂದೆ. ಜಗತ್ತು ನನ್ನ ಮಾತು ಕೇಳಿತು.

ಮಾರ್ಚ್ 9

ಮ್ಯೂಸಿಯಂಗೆ ಹೋಗಿದ್ದೆ. ಹಿಂದಿನ ಶೆಡ್ಡಿನಲ್ಲಿ, ಮರದ ತೊಲೆಗಳ ಮೇಲೆ ಮಲಗಿಸಿದ್ದಾರೆ. ಗೋಡೆಯಲ್ಲಿ ನಿಂತಿದ್ದಾಗ ಎಷ್ಟು ದೊಡ್ಡದಾಗಿತ್ತು. ಮಲಗಿದ ಮೇಲೆ ಸಣ್ಣ ಅನ್ನಿಸಿತು, ಆಸ್ಪತ್ರೆ ಮಂಚದ ಮೇಲಿನ ಮನುಷ್ಯರ ಹಾಗೆ.

ಬೆರಳಾಡಿಸಿದೆ. ಒತ್ವವೇ. ಒಳಗೆ ಬೆರಳ ತುದಿ ಕೂರುತ್ತದೆ. ಹಿಂದಿನ ಪದವೂ ಈಗ ಸ್ಪಷ್ಟ. "ಅರಸಿ ತಮ್ಮಂಗೆ ನಾಡಂ ಕೊಟ್ಟಳ್." ಮಗು ಕೂಡ ಓದಬಹುದು.

ಅಧಿಕಾರಿ ಐವತ್ತರ ಆಸುಪಾಸಿನ ಮನುಷ್ಯ. ಕೈ ಕಟ್ಟಿಕೊಂಡು ನಿಂತಿದ್ದರು. "ನಿಮ್ಮ ಪುಸ್ತಕ ಓದಿಯೇ ಮೇಡಂ ನಾನು ಈ ಕೆಲಸಕ್ಕೆ ಸೇರಿದ್ದು. ಯಾರಿಗೂ ಹೇಳಿಲ್ಲ. ನಮ್ಮ ವರದಿ ಬರೋಕೆ ಇನ್ನೂ ಒಂದೂವರೆ ವರ್ಷ ಇದೆ. ಅಷ್ಟರಲ್ಲಿ ನೀವು... ನಿಮಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ."

ಒಳ್ಳೆಯ ಮನುಷ್ಯ. ಆ ಒಳ್ಳೆಯತನವನ್ನೇ ತಡೆದುಕೊಳ್ಳಲಾಗಲಿಲ್ಲ. ಥ್ಯಾಂಕ್ಸ್ ಹೇಳದೆ ಬಂದುಬಿಟ್ಟೆ.

ಮಾರ್ಚ್ 21

ಹನ್ನೆರಡು ದಿನ ಏನೂ ಬರೆದಿಲ್ಲ. ಪ್ರೂಫ್ ಮೇಜಿನ ಮೇಲೇ ಇದೆ. ಪ್ರಕಾಶಕರ ಫೋನು ಎತ್ತುತ್ತಿಲ್ಲ.

ಬರೆದುಬಿಡುತ್ತೇನೆ. ಬೇರೆ ಯಾರೂ ಓದುವುದಿಲ್ಲವಲ್ಲ.

ಆ ಓದನ್ನು ಸೆಮಿನಾರಿನಲ್ಲಿ ಮಂಡಿಸಿದಾಗ ನನಗೆ ಇಪ್ಪತ್ತೊಂಬತ್ತು. ಮೇಷ್ಟ್ರಿಗೆ ಐವತ್ತಮೂರು. ಲಿಪಿ ಕಲಿಸಿದವರು ಅವರೇ, ಆ ಕಲ್ಲಿನ ಮುಂದೆ ನನ್ನನ್ನು ಮೊದಲು ನಿಲ್ಲಿಸಿದವರೂ ಅವರೇ. ಸೆಮಿನಾರಿನ ಹಿಂದಿನ ದಿನ ಮಧ್ಯಾಹ್ನ ಅವರ ಮನೆಯಲ್ಲೇ ಊಟ. "ನಾಳೆ ಏನು ಓದ್ತೀಯಮ್ಮ?" ಅಂದರು. "ಏನಿಲ್ಲ ಮೇಷ್ಟ್ರೇ, ಒಂದು ಸಣ್ಣ ವಿಷಯ," ಅಂದೆ. ಬ್ಯಾಗಿನಲ್ಲಿ ಅವರ ಓದು ತಪ್ಪು ಎನ್ನುವ ಹದಿನೆಂಟು ಪುಟ.

ಮಾರನೆಯ ದಿನ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಮುಗಿಸಿದಾಗ ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರು ಅವರ ಕಡೆ ತಿರುಗಿದರು. ಎದ್ದು ನಿಂತು, "ಹುಡುಗಿಯ ಕಣ್ಣು ನನ್ನ ಕಣ್ಣಿಗಿಂತ ಚುರುಕು," ಅಂದರು. ಕೂತರು. ಆಮೇಲೆ ಅವರು ರಾಣಿಯ ಕಾಲದ ಬಗ್ಗೆ ಒಂದಕ್ಷರ ಅಚ್ಚು ಹಾಕಿಸಲಿಲ್ಲ.

ಆಗ ನನ್ನ ಮನೆಯಲ್ಲೂ ತಮ್ಮನ ಜೊತೆ ಮಾತು ನಿಂತಿತ್ತು. ಕಲ್ಲಿನಲ್ಲಿ ನಮ್ಮ ಮನೆ ಜಗಳವನ್ನೇ ಓದಿದೆನೋ ಏನೋ. ಅದು ನೆಪ. ನಿಜ ಬೇರೆ ಇದೆ.

ಕಾಗದದ ಮೇಲೆ ಮಸಿಯಿಂದ ತೆಗೆದ ಅಚ್ಚಿನಲ್ಲಿ ಆ ಬಳುಕಿನ ಆರಂಭ ಕಂಡಿತ್ತು. ಗಾರೆಯೊಳಗೆ ಹೋಗುವ ಮುಂಚಿನ ಒಂದಿಷ್ಟು. ಅನುಮಾನ ಬಂದಿತ್ತು. ಅಡಿಟಿಪ್ಪಣಿ ಬರೆದೂ ಇದ್ದೆ, "ಇದು ಒತ್ವವೂ ಇರಬಹುದು" ಅಂತ. ಟೈಪ್ ಮಾಡಿಸುವಾಗ ತೆಗೆದೆ.

ಮಾರ್ಚ್ 24

ಪ್ರಕಾಶಕರಿಗೆ ಫೋನ್ ಮಾಡಿ ಮುದ್ರಣ ನಿಲ್ಲಿಸಿ ಅಂದೆ. ವಿಷಯ ಹೇಳಿದೆ.

"ಮೇಡಂ, ಒಂದು ಕಾಗುಣಿತಕ್ಕಾಗಿ ಇಡೀ ಪುಸ್ತಕ..."

"ಆ ಕಾಗುಣಿತದ ಮೇಲೇ ಇಡೀ ಪುಸ್ತಕ ನಿಂತಿರೋದು."

"ಜನಕ್ಕೆ ಮೋಸ ಹೋದ ರಾಣಿ ಬೇಕು ಮೇಡಂ. ರಾಜ್ಯ ಬಿಟ್ಟುಕೊಟ್ಟು ಆರಾಮಾಗಿ ಹೋದವಳು ಯಾರಿಗೆ ಬೇಕು ಹೇಳಿ?"

ನಿಲ್ಲಿಸಿ ಅಂತ ಇನ್ನೊಮ್ಮೆ ಹೇಳಿ ಫೋನಿಟ್ಟೆ.

ಮಾರ್ಚ್ 28

ಮೇಷ್ಟ್ರ ಮನೆಗೆ ಹೋಗಿದ್ದೆ. ಹನ್ನೊಂದು ವರ್ಷದ ಮೇಲೆ. ಎರಡನೇ ಮಹಡಿ, ಲಿಫ್ಟ್ ಕೆಟ್ಟಿತ್ತು, ಮಂಡಿ ಹಿಡಿದುಕೊಂಡೇ ಹತ್ತಿದೆ. ಬಾಗಿಲು ತೆಗೆದವಳು ಅವರ ಮಗಳು. ನನಗಿಂತ ಏಳು ವರ್ಷ ಚಿಕ್ಕವಳು, ಲೈಬ್ರರಿಯಲ್ಲಿದ್ದು ನಿವೃತ್ತಿಯಾಗಿದ್ದಾಳೆ, ಅಪ್ಪನನ್ನು ನೋಡಿಕೊಂಡು ಇದ್ದಾಳೆ. "ದಾರಿ ನೆನಪಿತ್ತಾ ಅಕ್ಕ?" ಅಂದಳು. ಚುಚ್ಚುವುದಕ್ಕೆ ಅಂದದ್ದಲ್ಲ, ಆದರೂ ಚುಚ್ಚಿತು.

ಮೇಷ್ಟ್ರಿಗೆ ತೊಂಬತ್ತೊಂದು ವರ್ಷ. ಕಿಟಕಿ ಪಕ್ಕದ ಕುರ್ಚಿ. ಎರಡು ವರ್ಷದಿಂದ ಕಣ್ಣು ಪೂರ್ತಿ ಹೋಗಿದೆಯಂತೆ. ನನಗೆ ಗೊತ್ತೇ ಇರಲಿಲ್ಲ. ಚೀಲದಲ್ಲಿ ಫೋಟೋಗಳು, ದೊಡ್ಡದು ಮಾಡಿಸಿ ತಂದಿದ್ದೆ. ಏನು ಮಾಡಲಿ?

ಪಕ್ಕದ ಸ್ಟೂಲಿನಲ್ಲಿ ಕೂತೆ. ಅವರ ಕೈ ತೆಗೆದುಕೊಂಡು ಅಂಗೈ ಮೇಲೆ ಬೆರಳಿನಿಂದ ಆ ಅಕ್ಷರ ಬರೆದೆ. ಹಳೆಯ ಲಿಪಿಯಲ್ಲಿ, ಕಲ್ಲಿನಲ್ಲಿ ಹೇಗಿದೆಯೋ ಹಾಗೇ.

"ಕೊ," ಅಂದರು ಕೂಡಲೇ. ಆಮೇಲೆ, "ಯಾವ ಸಾಲು?"

"ಹದಿನಾಲ್ಕು. ಸುಣ್ಣ ತೆಗೆದಿದ್ದಾರೆ ಮೇಷ್ಟ್ರೇ. ನೀವು ಓದಿದ್ದೇ ಸರಿ."

ನಗುತ್ತಾರೆ ಅಂದುಕೊಂಡೆ. ಅಳುತ್ತಾರೆ ಅಂದುಕೊಂಡೆ. ಎರಡೂ ಇಲ್ಲ. "ತಪ್ಪು ಓದೋದು ತಪ್ಪಲ್ಲಮ್ಮ. ನಾನೂ ಬೇಕಾದಷ್ಟು ಓದಿದ್ದೀನಿ," ಅಂದರು. ತಡೆದು ಕೇಳಿದರು — "ಆವತ್ತು ನಿನಗೆ ಅನುಮಾನ ಇತ್ತಾ?"

ಕೈ ಇನ್ನೂ ನನ್ನ ಕೈಯಲ್ಲಿತ್ತು. ಇರಲಿಲ್ಲ ಅನ್ನಬಹುದಿತ್ತು. ಸಾಕ್ಷಿ ಯಾರಿದ್ದಾರೆ?

"ಇತ್ತು ಮೇಷ್ಟ್ರೇ."

ಕೈ ಬಿಡಿಸಿಕೊಂಡರು. ಮೆಲ್ಲಗೆ, ಒಂದೊಂದೇ ಬೆರಳು. ಮಗಳನ್ನು ಕರೆದು, "ಮಲಗಬೇಕು," ಅಂದರು.

ಅಡುಗೆಮನೆಯಲ್ಲಿ ಅವಳು ಹೇಳಿದಳು. ಆ ಸೆಮಿನಾರಿನ ಹೊತ್ತಿಗೆ ಮೇಷ್ಟ್ರ ಪುಸ್ತಕ ಮುಗಿಯುತ್ತಾ ಬಂದಿತ್ತಂತೆ. ಆ ರಾಣಿಯದೇ. ಆರುನೂರು ಪುಟ, ಕೈಬರಹ. ಒಂದು ವಾರ ಬಿಟ್ಟು ಹಳೇ ಪೇಪರಿನವನಿಗೆ ಹಾಕಿಬಿಟ್ಟರಂತೆ. "ಅಮ್ಮ ಅಡ್ಡ ನಿಂತ್ಲು ಅಕ್ಕ. ಬುಡವೇ ಇಲ್ಲ ಅಂದ್ಮೇಲೆ ಮರ ಇಟ್ಕೊಂಡು ಏನ್ಮಾಡ್ಲಿ ಅಂದ್ರು."

ಮೆಟ್ಟಿಲಿಳಿದು ಬಂದು ಬೀದಿಯ ಬೆಂಚಿನ ಮೇಲೆ ಕೂತೆ. ಎಷ್ಟು ಹೊತ್ತೋ.

ಏಪ್ರಿಲ್ 3

ಲೇಖನ ಮುಗಿಸಿದೆ. ನಾಲ್ಕು ಪುಟ. ಓದು ತಪ್ಪಾಗಿತ್ತು, ಫೋಟೋ ಇಲ್ಲಿದೆ, ಸರಿಯಾದ ಓದು ಮೇಷ್ಟ್ರದು. ಕೊನೆಯ ಪ್ಯಾರಾ — ಅನುಮಾನವಿತ್ತು, ಮುಚ್ಚಿಟ್ಟೆ.

ಇವರು ಓದಿ ಕಾಗದ ಮಡಚಿಟ್ಟರು. "ಕೊನೇ ಪ್ಯಾರಾ ಬೇಕಾ? ತಪ್ಪಾಯ್ತು ಅಂದ್ರೆ ಸಾಲ್ದಾ? ಇದನ್ನ ಓದಿದ ಮೇಲೆ ನೀನು ಬರೆದ ಯಾವುದನ್ನೂ ಜನ ನಂಬಲ್ಲ."

"ಹೌದು."

"ಹೌದು ಅಂತೀಯಲ್ಲೇ!"

ಸಂಶೋಧನಾ ಪತ್ರಿಕೆಗೆ ಕಳಿಸಿದೆ. ಸಂಜೆ ಇವರೇ ಕಾಫಿ ಮಾಡಿ ತಂದಿಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಹಾಗೇ ಕುಡಿದೆ.

ಏಪ್ರಿಲ್ 26

ಸುದ್ದಿ ಹೇಗೋ ಹಬ್ಬಿದೆ. ದಿನಪತ್ರಿಕೆಯವರ ಫೋನು. ನಾಟಕದವರು ಸಿಟ್ಟಾಗಿದ್ದಾರೆ. ಒಂದು ಉಪನ್ಯಾಸ ರದ್ದು, ಕಾರಣ ಹೇಳಲಿಲ್ಲ. ನನ್ನ ಹತ್ತಿರ ಪಿಎಚ್‌ಡಿ ಮಾಡಿದವಳೊಬ್ಬಳು, ಈಗ ಅವಳೇ ಪ್ರೊಫೆಸರ್, ಫೋನಿನಲ್ಲಿ ಅತ್ತಳು. "ನನ್ನ ಥೀಸಿಸ್ ಕತೆ ಏನು ಮೇಡಂ?" ಅಂದಳು. ಅವಳ ಮೂರನೆಯ ಅಧ್ಯಾಯ ಪೂರ್ತಿ ನನ್ನ ಓದಿನ ಮೇಲೆ ನಿಂತಿದೆ. ಮರೆತೇಬಿಟ್ಟಿದ್ದೆ.

ಮೇ 8

ಮೇಷ್ಟ್ರ ಮಗಳ ಫೋನು. "ಅಪ್ಪ ದಿನಾ ಕೇಳ್ತಿದ್ದಾರೆ ಅಕ್ಕ, ಅಚ್ಚಾಯ್ತಾ ಅಂತ."

ಲೇಖನದ ಪ್ರೂಫ್ ಹಿಡಿದುಕೊಂಡು ಹೋದೆ. ಗಟ್ಟಿಯಾಗಿ ಓದಿದೆ. ಕೊನೆಯ ಪ್ಯಾರಾನೂ ಬಿಡದೆ ಓದಿದೆ. ಮುಗಿದ ಮೇಲೆ ಮೇಷ್ಟ್ರು, "ಎರಡನೇ ಪುಟದಲ್ಲಿ ನನ್ನ ಬಗ್ಗೆ ಏನೋ ಬರ್ದಿದ್ದೀಯಲ್ಲ, ಮಹಾನ್ ವಿದ್ವಾಂಸರು ಅಂತ. ಕಿತ್ತಾಕು. ನಾನೇನು ದಾನ ಕೊಟ್ಟ ರಾಜನಾ?" ಅಂದರು.

ನಗು ಬಂತು. ಅವರಿಗೂ ಬಂತು. ಕ್ಷಮಿಸಿದರು ಅಂತಲ್ಲ. ಆ ಮಾತು ಇಬ್ಬರೂ ಎತ್ತಲಿಲ್ಲ.

ಹೊರಡುವಾಗ ಕರೆದರು. "ಪೆನ್ನಿದೆಯಾ? ಕೂತ್ಕೋ. ಅಧ್ಯಾಯ ಒಂದು."

ಮೇ 20

ವಾರಕ್ಕೆ ನಾಲ್ಕು ದಿನ. ಬೆಳಿಗ್ಗೆ ಹತ್ತರಿಂದ ಹನ್ನೆರಡು. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಮೂವತ್ತೆಂಟು ವರ್ಷದ ಹಿಂದೆ ಕಳೆದ ವಾಕ್ಯಗಳು ಇದ್ದ ಹಾಗೇ ಬರುತ್ತಿವೆ. ಅಲ್ಪವಿರಾಮ ಕೂಡ ಹೇಳುತ್ತಾರೆ. ನಾನು ಹಾಳಾದಳು ಅಂದ ಹೆಣ್ಣು ಅವರ ಬಾಯಲ್ಲಿ ಬೇರೆಯೇ ಆಗುತ್ತಿದ್ದಾಳೆ — ಲೆಕ್ಕಾಚಾರದವಳು, ಹಟದವಳು, ಯುದ್ಧ ಬೇಡವೆಂದು ಎದ್ದುಹೋದವಳು. ನನ್ನ ರಾಣಿಗಿಂತ ದೊಡ್ಡವಳು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ. ಒಪ್ಪಿಕೊಂಡೆ.

ಅಧ್ಯಾಯ ಒಂದು ಮುಗಿಯಿತು.

ಜೂನ್ 2

ಎರಡು ಮುಗಿಯಿತು. ಮೂರು ಶುರು. ಮಧ್ಯದಲ್ಲಿ ನಿಲ್ಲಿಸಿ, "ಇದಕ್ಕೆ ಆಧಾರ ಒಂದು ಕಲ್ಲು ಇತ್ತು. ಎಲ್ಲಿ ನೋಡಿದ್ದೆ ನಾನು?" ಅಂದರು. ನನ್ನನ್ನೇ ಕೇಳಿದರು. ನಾನು ಆ ಕಲ್ಲು ನೋಡಿಯೇ ಇಲ್ಲ. "ನಾಳೆ ನೆನಪಾಗುತ್ತೆ ಬಿಡಿ ಮೇಷ್ಟ್ರೇ."

ಜೂನ್ 11

ನೆನಪಾಗಲಿಲ್ಲ. ಇವತ್ತು ಮತ್ತೆ ಅಧ್ಯಾಯ ಒಂದರ ಮೊದಲ ವಾಕ್ಯ ಹೇಳಿದರು. ಬರೆದೆ. ಮುಗಿಸಿ ಮತ್ತೆ ಅದನ್ನೇ ಹೇಳಿದರು. ಮತ್ತೆ ಬರೆದೆ. ಮೂರನೆಯ ಸಲವೂ. ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಹೋದಳು.

ಜೂನ್ 24

ನಿನ್ನೆ ಬೆಳಿಗ್ಗೆ ಆರೂವರೆಗೆ ಮೇಷ್ಟ್ರು ಹೋದರು. ನಿದ್ದೆಯಲ್ಲೇ ಅಂತೆ. ಎಂಟು ಗಂಟೆಗೆ ಮಗಳ ಫೋನು. "ಅಕ್ಕ, ಹತ್ತಕ್ಕೆ ಬರಬೇಡಿ... ಅಲ್ಲ, ಬನ್ನಿ," ಅಂದಳು.

ಇವರೂ ಬಂದರು. ಹತ್ತಿರ ಹೋಗಿ ನಿಂತೆ. ಕೈ ಮುಟ್ಟುವ ಧೈರ್ಯ ಬರಲಿಲ್ಲ.

ಜುಲೈ 1

ನನ್ನ ಲೇಖನ ಇರುವ ಪತ್ರಿಕೆ ಬಂತು. ಪುಟ 41ರಿಂದ 44. ಎಂಟು ದಿನ ತಡ.

ಜುಲೈ 9

ಮೂರನೆಯ ಅಧ್ಯಾಯ ನೀವೇ ಬರೆಯಿರಿ ಅಕ್ಕ ಎನ್ನುತ್ತಾಳೆ ಮೇಷ್ಟ್ರ ಮಗಳು. ನಾಲ್ಕು ದಿನದಿಂದ ಮನೆಯ ಮೂಲೆಮೂಲೆ ಹುಡುಕಿದೆವು, ಮಂಚದ ಕೆಳಗೆ, ಅಟ್ಟದ ಮೇಲೆ. ಒಂದು ಟಿಪ್ಪಣಿಯಿಲ್ಲ, ಒಂದು ಚೀಟಿಯಿಲ್ಲ. ಎಷ್ಟು ಚೊಕ್ಕವಾಗಿ ಎಸೆದಿದ್ದಾರೆ. ಮ್ಯೂಸಿಯಂ ಅಧಿಕಾರಿಗೂ ಬರೆದಿದ್ದೆ. ಅಂಥ ಕಲ್ಲು ಅವರ ಪಟ್ಟಿಯಲ್ಲಿಲ್ಲ.

ಇವರು ಕ್ಲಿನಿಕ್ಕಿಗೆ ಹೋಗಿದ್ದಾರೆ. ಮನೆ ನಿಶ್ಶಬ್ದ. ಹೊಸ ಹಾಳೆ ತೆಗೆದು ಮೂರನೆಯ ಅಧ್ಯಾಯಕ್ಕೆ ಮೇಷ್ಟ್ರು ಹೇಳಿದ ಕೊನೆಯ ವಾಕ್ಯವನ್ನು ಇದ್ದ ಹಾಗೇ ಬರೆದುಕೊಂಡೆ: ನಾಡು ಕೊಟ್ಟ ಮೇಲೆ ರಾಣಿ ಹನ್ನೊಂದು ವರ್ಷ ಬದುಕಿದ್ದಳು, ಒಬ್ಬಳೇ ಇರಲಿಲ್ಲ. ಇದಕ್ಕೆ ಆಧಾರ —