ಕಿಟಕಿಗೆ ಕಾಣುವಷ್ಟು ಕಡಲು

ಮಾರ್ಚ್ ೯, ಭಾನುವಾರ. ನೀನು ಅಮ್ಮನಿಗೆಂದು ಗೊತ್ತುಮಾಡಿರುವ ಕಡಲತೀರದ ಕೋಣೆಯಿಂದ.

ಅಣ್ಣ,

ನೀನು ಕಳಿಸಿದ ಫೋಟೊದಲ್ಲಿದ್ದಂತೆಯೇ ಕಿಟಕಿಯೆದುರಿನ ಮರಳು ಚೊಕ್ಕಟವಾಗಿದೆ. ಗುಡಿಸುವವಳನ್ನು ಮಾತಾಡಿಸಿದೆ. "ಕಿಟಕಿಗೆ ಕಾಣೋಷ್ಟನ್ನ ಬಾಚಿ ಆ ಕಡೆ ತಳ್ತೀವಿ ಅಕ್ಕಾ, ಸಮುದ್ರಾನೇ ಗುಡಿಸೋಕಾಗುತ್ತಾ?" ಎಂದು ನಕ್ಕಳು. ಆ ಕಡೆ ಹೋಗಿ ನೋಡಿದೆ. ಪ್ಲಾಸ್ಟಿಕ್ಕಿನ ಗುಡ್ಡೆ, ಸತ್ತ ಮೀನು, ಕಾರ್ಖಾನೆಯ ಕೊಳವೆಯಿಂದ ಇಳಿಯುವ ಕಪ್ಪು ನೀರು. ನಾತಕ್ಕೆ ನನಗೇ ಉಸಿರುಗಟ್ಟಿತು. ಉಬ್ಬಸದ ಅಮ್ಮನಿಗೆ ಇಲ್ಲಿಯ ಗಾಳಿ ಒಳ್ಳೆಯದೆಂದು ಬರೆದಿದ್ದೆಯಲ್ಲ, ಬಂದಾಗ ಕಿಟಕಿ ತೆರೆದಿರಲಿಲ್ಲವೆ? ನಿನ್ನ ಮನೆಯಲ್ಲಿ ಅವಳಿಗೆ ಜಾಗವಿಲ್ಲವೆಂದು ನೇರವಾಗಿ ಹೇಳಬಹುದಿತ್ತು.

ಅವಳ ಮಂಚ ಸಾಗಿಸಲು ಲಾರಿ ಕರೆಸಬೇಡ. ನಾಳೆ ನಿನ್ನ ಮನೆಗೆ ಬಂದು ಅವಳನ್ನು ನನ್ನ ಒಂಟಿ ಕೋಣೆಗೇ ಕರೆದೊಯ್ಯುತ್ತೇನೆ. ಕಡಲ ಮನೆ ಏನಾಯಿತೆಂದು ಅವಳು ಕೇಳಿದರೆ ನೀನೇ ಉತ್ತರ ಹೇಳು.

ನಿನ್ನ ತಂಗಿ