ತಪ್ಪು ಗೇಟಿನ ಬಳಿ

ನವೆಂಬರ್ ೧೨, ಸಂಜೆ
(ಯಾವ ಊರಿನಿಂದ ಎಂದು ಬರೆಯುವ ಹಾಗಿಲ್ಲ)

ನನ್ನ ಮೇಲೆ ಇನ್ನೂ ಮುನಿಸಿಕೊಂಡೇ ಇರುವ ಸೊಲ್ಮಿಗೆ,

ಇಷ್ಟು ಹೊತ್ತಿಗೆ ನೀನು ಬೇಕರಿ ಕೆಲಸ ಮುಗಿಸಿ ರೂಮಿಗೆ ಬಂದಿರುತ್ತೀಯ. ಊಟ ಆಯಿತಾ ಎಂದು ಕೇಳೋಣವೆಂದರೆ ನನ್ನ ಹತ್ತಿರ ಫೋನ್ ಇಲ್ಲ. ಮೂವತ್ತೇಳು ದಿನದಿಂದ ಅದನ್ನು ಲಕೋಟೆಯಲ್ಲಿ ಹಾಕಿ ಸೀಲು ಮಾಡಿ ಇಟ್ಟಿದ್ದಾರೆ. ಜೇಜು ದ್ವೀಪದಲ್ಲಿ ಶಿಕ್ಷಕರ ತರಬೇತಿ ಎಂದು ನಿನಗೆ ಹೇಳಿದ್ದು ಸುಳ್ಳು. ಕಾಲೇಜು ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಶ್ನೆಪತ್ರಿಕೆ ತೆಗೆಯುವವರ ಜೊತೆ ನಾನೂ ಬೀಗದೊಳಗಿದ್ದೇನೆ. ನಾಳೆ ಪರೀಕ್ಷೆಯ ಕೊನೆಯ ವಿಷಯ ಶುರುವಾದ ಮೇಲೆ ನಮ್ಮನ್ನು ಬಿಡುತ್ತಾರೆ. ಈ ಕಾಗದ ಹೊರಗೆ ಬರುವುದೂ ಆಗಲೇ.

ಕಿಟಕಿಗಳಿಗೆಲ್ಲ ಕಾಗದ ಅಂಟಿಸಿದ್ದಾರೆ. ಅಡುಗೆಮನೆಯ ಸಿಪ್ಪೆಯನ್ನೂ ಕೆದಕಿ ನೋಡಿಯೇ ಹೊರಗೆ ಬಿಡುವುದು. ಬೆಳಗಾದರೆ ಒಂದೇ ಜಗಳ, ಯಾವ ಕ್ರಿಯಾಪದದ ಪಕ್ಕ ಯಾವ ಮಾತು ಕೂರಬೇಕು ಎಂದು. ಇಂಗ್ಲಿಷಿನವರ ಮಳೆ 'ಹೆವಿಲಿ' ಸುರಿಯುತ್ತದೆ, 'ಸ್ಟ್ರಾಂಗ್ಲಿ' ಸುರಿಯುವುದಿಲ್ಲ. 'ಡಿಪೆಂಡ್' ಎಂಬುದು 'ಆನ್' ಜೊತೆಗಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಯಾಕೆ ಎಂದರೆ ಯಾರ ಬಳಿಯೂ ಉತ್ತರವಿಲ್ಲ, ಅವರು ದಿನವೂ ಹಾಗೆಯೇ ಆಡುತ್ತಾರೆ, ಅಷ್ಟೆ. ನಮ್ಮ ಜೊತೆ ತಾಕ್ ಎಂಬ ಮೇಷ್ಟರೊಬ್ಬರಿದ್ದಾರೆ, ನಲವತ್ತೈದು ದಾಟಿದ ಬ್ರಹ್ಮಚಾರಿ. "ಇಪ್ಪತ್ತು ವರ್ಷ ಈ ಪದಗಳಿಗೆ ಜೋಡಿ ಹುಡುಕಿದ್ದೇ ಆಯ್ತು ಮೇಡಂ, ನನಗೆ ಮಾತ್ರ ಒಂದು ಸಿಗಲಿಲ್ಲ" ಎನ್ನುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಗುವುದಕ್ಕೂ ಆಯಾಸವಾಯಿತು.

ನಿನಗೆ ಇದನ್ನೆಲ್ಲ ನಾನು ಊಟದ ಮೇಜಿನಲ್ಲೇ ಕಲಿಸಿದ್ದು. ಕ್ರಿಯಾಪದ ಎಂದರೆ ಅನ್ನದ ಬಟ್ಟಲು, 'ಹೇಗೆ' ಎಂಬುದು ಪಕ್ಕದ ಕಿಮ್ಚಿ, 'ಎಲ್ಲಿ' ಎಂಬುದು ಸಾರು. ಬಟ್ಟಲುಗಳನ್ನು ಅತ್ತಿತ್ತ ಸರಿಸಿ ನೀನು ವಾಕ್ಯ ಮಾಡುತ್ತಿದ್ದೆ. ನಿನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ದಿನ ಶಾಲೆಯ ಹಿಂದಿನ ಗೇಟಿನಲ್ಲಿ ನಿಲ್ಲು ಎಂದು ನಾನೇ ಹೇಳಿ, ಅದನ್ನು ಮರೆತು ಮುಂದಿನ ಗೇಟಿನಲ್ಲಿ ಒಂದೂವರೆ ಗಂಟೆ ಹುಡುಕಾಡಿದೆ. ಮನೆಗೆ ಬಂದು ನೀನು ಅಳಲಿಲ್ಲ, ನೋಟ್‌ಬುಕ್ ತೆಗೆದು ಒಂದು ಸಾಲು ಬರೆದೆ: 'ಶಿ ವೇಟೆಡ್ ಪೇಷಂಟ್ಲಿ ಅಟ್ ದ ರಾಂಗ್ ಗೇಟ್.' ಅವಳು ತಾಳ್ಮೆಯಿಂದ ತಪ್ಪು ಗೇಟಿನ ಬಳಿ ಕಾದಳು. ಅಮ್ಮ ಬಾರದ ಗೇಟೇ ನಿನಗೆ ತಪ್ಪು ಗೇಟು. ನಾನು ಓದಿದೆ. ಪ್ರತಿಯೊಂದು ಪದವೂ ಅದರದರ ಜಾಗದಲ್ಲಿದೆಯೇ ಎಂದು ನೋಡಿ, ಸರಿ ಎಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ನಿನ್ನನ್ನು ಕಾಯಿಸಿದ್ದಕ್ಕೆ ಮಾತ್ರ ಏನೂ ಹೇಳಲಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಚುಸೊಕ್ ಹಬ್ಬಕ್ಕೆ ಬಂದವಳು ನೀನು ಜಾಕೆಟ್ ಬಿಟ್ಟು ಹೋದೆಯಲ್ಲ, ಅದನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಇದೇ ಪರೀಕ್ಷೆಯ ಅರ್ಜಿಯ ರಸೀದಿ ಸಿಕ್ಕಿತು. ಎರಡು ಸಲ ಅಂಕ ಸಾಲದೆ ಹೋದಾಗ ನಾನು ಆಡಿದ ಮಾತು ನಿನಗೆ ಮರೆತಿರಲಾರದು. ಊರಿನ ಮಕ್ಕಳಿಗೆಲ್ಲ ಕಲಿಸಿದವಳಿಗೆ ಮನೆಯಲ್ಲೇ ಹೀಗೊಂದು ಅವಮಾನವೇ ಎಂದಿದ್ದೆ. ಅದಕ್ಕೇ ನೀನು ಗುನ್ಸಾನಿಗೆ ಹೋಗಿ ಹಿಟ್ಟು ನಾದಲು ಸೇರಿದ್ದು, ಮೂರನೆಯ ಸಲದ್ದನ್ನು ನನಗೆ ಹೇಳದಿದ್ದದ್ದು.

ಯಾರ ಮಕ್ಕಳು ಆ ವರ್ಷ ಪರೀಕ್ಷೆಗೆ ಕೂರುತ್ತಾರೋ ಅವರು ಪ್ರಶ್ನೆ ತೆಗೆಯಲು ಬರುವಂತಿಲ್ಲ. ರಸೀದಿ ಸಿಕ್ಕಿದ ಮರುದಿನವೇ ನಾನು ಇಲ್ಲಿಗೆ ಹೊರಡಬೇಕಿತ್ತು. ನನ್ನ ಮಗಳು ಬರೆಯುತ್ತಿಲ್ಲ ಎಂಬ ಹೇಳಿಕೆಗೆ ಸಹಿ ಹಾಕಿಯೇ ಒಳಗೆ ಬಂದೆ. ಹೆಸರಿನ ಆಸೆಗಿಂತ ಹೆಚ್ಚಾಗಿ ಅದು ಸುಸ್ತು, ಸೊಲ್ಮಿ. ಮೂವತ್ತೆಂಟು ದಿನ ಯಾರೂ 'ನಿಮ್ಮ ಮಗಳು ಏನು ಮಾಡುತ್ತಿದ್ದಾಳೆ' ಎಂದು ಕೇಳದ ಜಾಗ ನನಗೆ ಬೇಕಿತ್ತು.

ಹತ್ತೊಂಬತ್ತನೆಯ ದಿನ ಇಪ್ಪತ್ತೊಂಬತ್ತನೆಯ ಪ್ರಶ್ನೆ ನನ್ನ ಪಾಲಿಗೆ ಬಂತು. ಎಷ್ಟು ವಾಕ್ಯ ಬರೆದರೂ ಯಾರೋ ಒಬ್ಬರು ತಪ್ಪು ಹುಡುಕಿದರು. ಕೊನೆಗೆ ತಲೆ ಕೆಟ್ಟು ಏನೋ ಒಂದು ಬರೆದುಕೊಟ್ಟೆ. ಎಲ್ಲರೂ ಒಪ್ಪಿದರು, ತಾಕ್ ಮೇಷ್ಟರಂತೂ ಪದಗಳು ಸ್ವಂತ ಮನೆಯಲ್ಲಿ ಕೂತ ಹಾಗಿವೆ ಎಂದರು. ಬೋರ್ಡಿನ ಮೇಲೆ ಓದಿದಾಗಲೇ ನನಗೆ ತಿಳಿದದ್ದು, ಅದು ನಿನ್ನ ನೋಟ್‌ಬುಕ್ಕಿನ ಸಾಲು ಎಂದು.

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಿನಗೆ ಒಂದು ಪ್ರಶ್ನೆ ಸುಲಭವಾಗುತ್ತದೆ ಎಂಬ ಸಂತೋಷವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಮೂರನೆಯ ದಿನ ನಮ್ಮ ತಂಡದ ಮುಖ್ಯಸ್ಥರಾದ ಗುಕ್ ಪ್ರೊಫೆಸರರ ಕೋಣೆಗೆ ಹೋಗಿ ರಸೀದಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ವಲ್ಲ, ಪ್ಯೊ ಮೇಡಂ."

"ನನ್ನ ಮಗಳಿಗೆ ಗೊತ್ತಾಗ್ತಿತ್ತು ಸರ್. ಅಮ್ಮ ಕದ್ದು ಕೊಟ್ಟಿದ್ರಿಂದ ಪಾಸಾದೆ ಅಂತ ಆಮೇಲೆ ಜೀವನಪೂರ್ತಿ ಅಂದ್ಕೊಳ್ತಿದ್ಲು."

ನಾನು ಮುಟ್ಟಿದ ಪ್ರಶ್ನೆಗಳನ್ನೆಲ್ಲ ಕಿತ್ತುಹಾಕಿದರು. ಉಳಿದವರು ನಿದ್ದೆಗೆಟ್ಟು ಹೊಸದಾಗಿ ಬರೆದರು, ಅವರಿಗೆ ನನ್ನ ಮುಖ ಕಂಡರಾಗದು. ಹೊರಗೆ ಬಿಡುವಂತಿಲ್ಲವಾದ್ದರಿಂದ ನನ್ನನ್ನು ಪಡಸಾಲೆಯ ತುದಿಯ ಕೋಣೆಯಲ್ಲಿ ಇಟ್ಟಿದ್ದಾರೆ. ತಾಕ್ ಮೇಷ್ಟರು ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಮಾತಾಡದೆ ಹೋಗುತ್ತಾರೆ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ನಿನ್ನ ಪರೀಕ್ಷೆಗೆ ಏನೂ ತೊಂದರೆಯಿಲ್ಲ ಎಂದು ಪ್ರೊಫೆಸರರು ಬರೆದುಕೊಟ್ಟ ಮೇಲೆಯೇ ನಾನು ಹೊಟ್ಟೆ ತುಂಬ ಉಂಡದ್ದು.

ಹಾಗಾಗಿ ನಾಳೆ ನೀನು ಯಾರ ಹಂಗೂ ಇಲ್ಲದೆ ಬರೆಯಬಹುದು. ಎಷ್ಟು ಬಂದರೂ ಅದು ನಿನ್ನದೇ ಅಂಕ. ಕಡಿಮೆ ಬಂದರೆ ಈ ಸಲ ನನ್ನ ಬಾಯಿಂದ ಒಂದು ಮಾತೂ ಬರುವುದಿಲ್ಲ. ಬಿಡುಗಡೆಯಾದ ಕೂಡಲೇ ನಿನ್ನ ಗೇಟಿಗೆ ಬರುತ್ತೇನೆ.

ನಿನ್ನನ್ನು ಕಾಯಿಸಿದ,
ಅಮ್ಮ

ಆಮೇಲೆ ಸೇರಿಸಿದ್ದು, ೧೩ರ ಸಂಜೆ, ಬಸ್ಸಿನಲ್ಲಿ: ಗೇಟು ತೆಗೆದ ಕೂಡಲೇ ಟ್ಯಾಕ್ಸಿ ಹಿಡಿದು, ಕಳೆದೆರಡು ಸಲ ನೀನು ಬರೆದಿದ್ದ ಶಾಲೆಗೇ ಹೋದೆ. ಲಕೋಟೆಯಿಂದ ತೆಗೆದಾಗ ಫೋನಿನ ಬ್ಯಾಟರಿ ಸತ್ತಿತ್ತು. ಇದು ಅಂಟಿಕೊಂಡರೆ ಮಕ್ಕಳೂ ಪಾಸಾಗುತ್ತಾರೆಂದು ಅಮ್ಮಂದಿರು ಗೇಟಿಗೆ ಅಂಟಿಸಿದ್ದ ಎಳ್ಳಿನ ಮಿಠಾಯಿ ಚಳಿಗೆ ಗಟ್ಟಿಯಾಗಿತ್ತು. ಮಕ್ಕಳೆಲ್ಲ ಹೊರಗೆ ಬಂದರು. ಕಾವಲುಗಾರ ಒಳಗಿನ್ನು ಯಾರೂ ಇಲ್ಲ ಎಂದ ಮೇಲೂ ನಿಂತೇ ಇದ್ದೆ. ಎದುರಿನ ಅಂಗಡಿಯಾಕೆ ಫೋನು ಚಾರ್ಜಿಗೆ ಹಾಕಿಕೊಟ್ಟಳು. ನಾನು ಹೊರಟ ದಿನವೇ ನೀನು ಕಳಿಸಿದ್ದ ಮೆಸೇಜು ಆಗ ಬಂತು: "ಅಮ್ಮ, ಸರಿಯಾಗಿ ಪರೀಕ್ಷೆ ದಿನಾನೇ ಮುಗಿಯೋ ತರಬೇತಿ ಯಾವ್ದು ಅಂತ ಯೋಚಿಸ್ದೆ, ನೀನು ಎಲ್ಲಿಗೆ ಹೋದೆ ಅಂತ ಗೊತ್ತಾಯ್ತು. ನಿನಗೆ ಹೇಳ್ದೆ ನಾನೂ ಅರ್ಜಿ ಹಾಕಿದ್ದೆ. ಈ ಸಲ ಹೋಗಲ್ಲ ಬಿಡು, ನನ್ನಿಂದ ನಿನ್ನ ಹೆಸರು ಕೆಡೋದು ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು." ಈ ಬಸ್ಸು ಗುನ್ಸಾನಿಗೆ ಹೋಗುತ್ತದೆ. ಕಾಗದವನ್ನು ಅಂಚೆಗೆ ಹಾಕದೆ ಕೈಯಲ್ಲೇ ತರುತ್ತಿದ್ದೇನೆ. ಈಗಷ್ಟೇ ಫೋನಿನಲ್ಲಿ ನಿನಗೊಂದು ಪ್ರಶ್ನೆ ಕಳಿಸಿದೆ: ನಿನ್ನ ಬೇಕರಿಗೆ ಎಷ್ಟು ಬಾಗಿಲು, ಯಾವುದರ ಹತ್ತಿರ ನಿಂತಿರಲಿ?